ಎಡತೋಳಿನ ಅಂಚು

ಸುಳ್ಳಾ? ನಾನು ಸುಳ್ಳು ಹೇಳ್ತೀನಾ? ಹಲ್ಲು ನಾಲ್ಕು ಉದುರಿರಬಹುದು, ನಾಲಿಗೆ ಇನ್ನೂ ನೆಟ್ಟಗಿದೆ ನನ್ನದು. ಸ್ವೆಟರಿನ ತೋಳು ನೋಡಿ ಒಂದು ಸ್ಕೂಲಿನೊಳಗೆ ಏನು ನಡೀತಿದೆ ಅಂತ ಕಂಡುಹಿಡಿದ ಮನುಷ್ಯ ಇದ್ದ ಅಂದೆ, ಅಷ್ಟಕ್ಕೇ ನೀನು ಕಿಸಕ್ಕಂತ ನಕ್ಕುಬಿಟ್ಟೆ. ನಗು, ನಗು. ಪೂರ್ತಿ ಕೇಳಿದ ಮೇಲೂ ನಗು ಬಂದ್ರೆ ನನ್ನ ಕನ್ನಡಕ ನಿನಗೇ ಕೊಡ್ತೀನಿ. ಅದರ ಒಂದು ಕಾಲು ಮುರಿದಿದೆ ಅನ್ನೋದು ಬೇರೆ ಮಾತು.

ಅವನು ರಫೂ ಮಾಡೋನು. ಹರಿದ ಬಟ್ಟೆಗೆ ತೇಪೆ ಹಾಕೋನಲ್ಲ, ತಿಳ್ಕೋ. ಅದೇ ಬಟ್ಟೆಯ ಒಳಮಡಿಕೆಯಿಂದ ಒಂದೊಂದೇ ಎಳೆ ಕಿತ್ತು, ಹರಿದ ಜಾಗದಲ್ಲಿ ಹರಿದಿತ್ತು ಅನ್ನೋದೇ ಗೊತ್ತಾಗದ ಹಾಗೆ ಹೆಣೆಯೋನು. ನಾಲ್ಕಂತಸ್ತಿನ ಒಂದು ಕಟ್ಟಡದ ಮೆಟ್ಟಿಲ ಕೆಳಗೆ ಅವನ ಅಂಗಡಿ. ಒಬ್ಬ ಕೂತ್ರೆ ಇನ್ನೊಬ್ಬ ನಿಲ್ಲಬೇಕು, ಮೂರನೆಯವನು ಬಂದ್ರೆ ಮೊದಲನೆಯವನು ಉಸಿರು ಬಿಡಬಾರದು, ಅಷ್ಟು ಅಗಲ. ಮೂಗಿಗೆ ತಾಗೋ ಹಾಗೆ ಇಳಿಬಿಟ್ಟ ಬಲ್ಬು. ಕಣ್ಣಿಗೆ ಒಂದು ದಪ್ಪ ಭೂತಗನ್ನಡಿ. ಎಲ್ಲರೂ ಅವನನ್ನ ರಫೂ ಅಣ್ಣ ಅಂತಲೇ ಕರೀತಿದ್ರು.

ಅವನ ಕೈ ಎಂಥದ್ದು ಗೊತ್ತಾ? ಒಬ್ಬ ಇಲಿ ಕಡಿದ ಕೋಟು ಕೊಟ್ಟು ಹೋದ. ವಾಪಸ್ ತಗೊಳ್ಳೋಕೆ ಬಂದು, "ಇದು ನನ್ನ ಕೋಟಲ್ಲ ಸ್ವಾಮಿ, ನನ್ನದರಲ್ಲಿ ತೂತಿತ್ತು, ತೂತಿರೋದನ್ನೇ ಕೊಡಿ" ಅಂತ ಬೀದಿಯಲ್ಲಿ ಜಗಳಕ್ಕೆ ನಿಂತ. ಇನ್ನೊಂದು ಸಲ ಒಂದು ಸೊಳ್ಳೆಪರದೆ. ದಿನಾ ಅದೇ ತೂತಿಂದ ಒಳಗೆ ಹೋಗ್ತಿದ್ದ ಸೊಳ್ಳೆ, ಆವತ್ತು ಬಂದ ರಭಸಕ್ಕೆ ಢಿಕ್ಕಿ ಹೊಡೆದು ಮೂಗು ಮುರ್ಕೊಂಡಿತು. ಸೊಳ್ಳೆಗೆ ಮೂಗೆಲ್ಲಿದೆ ಅಂತೀಯಾ? ಮುರಿದ ಮೇಲೆ ಎಲ್ಲಿರುತ್ತೆ?

ಸರಿ, ಸರಿ, ವಿಷಯಕ್ಕೆ ಬರ್ತೀನಿ. ಈ ಕಥೆ ನಗೋದಲ್ಲ. ಅವನು ಹೆದರಿದ ಕಥೆ ಇದು.

ಅವನಿಗೆ ಒಬ್ಬಳೇ ಮಗಳು, ಒಂಬತ್ತು ವರ್ಷ. ಸಣ್ಣಗೆ, ಉದ್ದಕ್ಕೆ, ಮಾತಾಡಿದ್ರೆ ಚುಚ್ಚೋ ಹಾಗೆ. ಅದಕ್ಕೇ ಮನೆಯಲ್ಲಿ ಅವಳ ಹೆಸರು ಸೂಜಿ. ಅವಳು ಓದ್ತಿದ್ದ ಗಲ್ಲಿಯ ಪುಟ್ಟ ಸ್ಕೂಲಿನ ಗೋಡೆ ಬಿರುಕು ಬಿಟ್ಟು, ಆ ವರ್ಷ ಮುಗಿದ ಮೇಲೆ ಅದನ್ನ ಮುಚ್ಚೋದು ಅಂತಾಯ್ತು. ಸೂಜಿ ಮುಂದಿನ ವರ್ಷ ನಾಲ್ಕನೇ ತರಗತಿಗೆ ಬೇರೆ ಕಡೆ ಹೋಗಬೇಕು. ಎಲ್ಲಿಗೆ?

ಅವನ ಹೆಂಡತಿ ದೊಡ್ಡಾಸ್ಪತ್ರೆಯಲ್ಲಿ ವಿಚಾರಣೆ ಕೌಂಟರಿನಲ್ಲಿ ಕೂರ್ತಿದ್ದೋಳು. ಗಾಜಿನ ಹಿಂದೆ ಕೂತು ದಿನಕ್ಕೆ ಆರುನೂರು ಜನಕ್ಕೆ "ಎಡಕ್ಕೆ ಹೋಗಿ, ಎರಡನೇ ಮಹಡಿ" ಅಂತ ಹೇಳೋ ಕೆಲಸ. ಅವಳು ಒಂದೇ ಹಟ ಹಿಡಿದಳು.

"ನನ್ನ ಮಗಳು ಗಾಜಿನ ಈ ಕಡೆ ಕೂರೋದು ಬೇಡ. ಆ ಕಡೆ ಡಾಕ್ಟರ್ ಕೋಟು ಹಾಕ್ಕೊಂಡು ಓಡಾಡಲಿ."

"ಕೋಟು ಹರಿದ್ರೆ ನಾನಿದ್ದೀನಲ್ಲ" ಅಂದ ಇವನು.

"ನಿಮ್ಮ ತಮಾಷೆ ಅಂಗಡಿಯಲ್ಲಿಟ್ಕೊಳ್ಳಿ. ಬೆಟ್ಟದ ಸ್ಕೂಲಿಗೆ ಹಾಕೋಣ."

ಬೆಟ್ಟದ ಸ್ಕೂಲು ಅಂದ್ರೆ ಆ ಊರಿನಲ್ಲಿ ಎಲ್ಲದಕ್ಕಿಂತ ಮೇಲಿನದು. ದಿಬ್ಬದ ಮೇಲೆ ಕಲ್ಲಿನ ಕಟ್ಟಡ, ಆಳೆತ್ತರದ ಕಬ್ಬಿಣದ ಗೇಟು, ಬೂದುಬಣ್ಣದ ಸ್ವೆಟರು, ಕುತ್ತಿಗೆಗೆ ಹಸಿರು ಪಟ್ಟಿ. ಅಲ್ಲಿ ಸೀಟು ಸಿಗೋದು ಸುಲಭ ಅಲ್ಲ. ಅದಕ್ಕೇ ಆಸ್ಪತ್ರೆಯ ನರ್ಸೊಬ್ಬಳು ದಾರಿ ಮೇಡಂ ವಿಳಾಸ ಕೊಟ್ಟಳು. ದಾರಿ ಮೇಡಂ ಮೂವತ್ತು ವರ್ಷ ಹೆಡ್‌ಮಿಸ್ಟ್ರೆಸ್ ಆಗಿದ್ದು ನಿವೃತ್ತಿಯಾದೋರು. ಈಗ ಯಾವ ಮಗುವಿಗೆ ಯಾವ ಖಾಸಗಿ ಸ್ಕೂಲು ಹೊಂದುತ್ತೆ ಅಂತ ಅಪ್ಪಅಮ್ಮಂದಿರಿಗೆ ದಾರಿ ತೋರಿಸೋದೇ ಅವರ ಕಸುಬು. ಅವರು ಒಂದು ಪತ್ರ ಬರೆದ್ರೆ ಗೇಟು ತಾನಾಗೇ ತೆರ್ಕೊಳ್ಳುತ್ತೆ ಅಂತ ಮಾತು.

ಸೋಮವಾರ ಮೂವರೂ ಹೋದ್ರು. ರಫೂ ಅಣ್ಣ ಬೆಳಗ್ಗೆ ಎದ್ದು ತಲೆಯನ್ನ ಮೂರು ಸಲ ಬಾಚಿದ, ಎರಡು ಸಲ ಶರ್ಟ್ ಬದಲಾಯಿಸಿದ, ಇಷ್ಟೆಲ್ಲ ಮಾಡಿ ಕುತ್ತಿಗೆಯಲ್ಲಿ ಅಳತೆ ಟೇಪು ಹಾಗೇ ನೇತಾಡ್ತಿತ್ತು. ಹೆಂಡತಿ ಮೆಟ್ಟಿಲ ಮೇಲೆ ಕಿತ್ತು ಚೀಲಕ್ಕೆ ತುರುಕಿದಳು.

"ನೀವು ಬಾಯಿ ಬಿಡಬೇಡಿ. ನಾನು ಮಾತಾಡ್ತೀನಿ."

"ಉಸಿರಾಡಬಹುದಾ?"

"ಮೆಲ್ಲಗೆ."

ಮೇಡಂ ಕೋಣೆ ತಣ್ಣಗಿತ್ತು. ಗೋಡೆ ತುಂಬ ಸ್ಕೂಲುಗಳ ಚಿತ್ರ, ಪ್ರತಿಯೊಂದಕ್ಕೂ ಬಣ್ಣದ ಗುಂಡುಪಿನ್ನು. ಗಿಡ್ಡ ಕೂದಲು, ಎತ್ತರದ ಮೂಗು, ಆ ಮೂಗಿನ ತುದಿಗೆ ಬಂದು ನಿಂತ ಕನ್ನಡಕ. ಸೂಜಿಯನ್ನ ಎದುರಿಗೆ ಕೂರಿಸ್ಕೊಂಡು ಓದಿಸಿದ್ರು, ಲೆಕ್ಕ ಕೇಳಿದ್ರು, ಒಂದು ಮನೆಯ ಚಿತ್ರ ಬರಿ ಅಂದ್ರು. ಸೂಜಿ ಮೆಟ್ಟಿಲು ಬರೆದು ಅದರ ಕೆಳಗೆ ಒಂದು ಬಲ್ಬು ಬರೆದಳು.

"ಮನೆ ಎಲ್ಲಿ?"

"ಇದರ ಮೇಲಿದೆ. ಹಾಳೆ ಸಾಲಲಿಲ್ಲ."

ಮೇಡಂ ನಕ್ಕರು. ಆಮೇಲೆ ಫೈಲು ತೆಗೆದು ಏನೋ ಬರೀತಾ ಕೂತರು.  ಬರೆಯೋದು ಮುಗಿಯೋವರೆಗೆ ಮೂವರೂ ಕಾಯ್ತಿದ್ರು, ಯಾರೂ ಅಲ್ಲಾಡ್ತಿಲ್ಲ.

ಆಗ ರಫೂ ಅಣ್ಣ ಮಗಳ ಕಡೆ ನೋಡಿದ. ಸೂಜಿ ಎಡಗೈ ಸ್ವೆಟರಿನ ಅಂಚನ್ನ ಬಾಯಿಗಿಟ್ಕೊಂಡು ಅಗೀತಿದ್ದಳು. ಹುಟ್ಟಿದಾಗಿಂದ ಅವಳು ಹಾಗೆ ಮಾಡಿದ್ದೇ ಇಲ್ಲ. ಕಣ್ಣು ಮೇಡಂ ಪೆನ್ನಿನ ಮೇಲೆ, ಅವಳಿಗೆ ತಾನು ಅಗೀತಿರೋದೂ ಗೊತ್ತಿಲ್ಲ.

"ಬೆಟ್ಟದ ಸ್ಕೂಲು" ಅಂದ್ರು ಮೇಡಂ ತಲೆ ಎತ್ತಿ. "ಇವಳು ಚುರುಕು. ಅಲ್ಲಿಗೇ ಸರಿ. ನಾನು ಪತ್ರ ಬರೀತೀನಿ. ಶುಕ್ರವಾರ ಸಂಜೆ ಐದರೊಳಗೆ ನೀವು ಹೂಂ ಅಂದ್ರೆ ಸೀಟು ಗ್ಯಾರಂಟಿ."

ಹೆಂಡತಿಯ ಮುಖ ಅರಳಿತು. ಇವನು ಮಗಳ ಎಡಗೈಯನ್ನ ಬಾಯಿಂದ ಇಳಿಸಿ ತನ್ನ ಕೈಯೊಳಗೆ ಬಿಗಿಯಾಗಿ ಹಿಡ್ಕೊಂಡ.

ಯಾಕೆ ಗೊತ್ತಾ? ಮೂರು ವರ್ಷದಿಂದ ಪ್ರತಿ ಶನಿವಾರ ಬೆಟ್ಟದ ಸ್ಕೂಲಿಂದ ಅವನ ಅಂಗಡಿಗೆ ಒಂದು ಚೀಲ ಬರ್ತಿತ್ತು. ಅಲ್ಲಿ ಮಕ್ಕಳ ಬಟ್ಟೆಬರೆ ನೋಡ್ಕೊಳ್ಳೋ ಆಯಮ್ಮ ಕಳಿಸೋದು. ಮಕ್ಕಳು ಗೇಟು ದಾಟಿ ಮನೆಗೆ ಹೋಗುವಾಗ ಒಂದು ಎಳೆ ಕೂಡ ಆಚೆ ಈಚೆ ಇರಬಾರದು ಅನ್ನೋದು ಆ ಸ್ಕೂಲಿನ ಶಿಸ್ತು. ಹರಿದ ಸ್ವೆಟರನ್ನ ಅಲ್ಲೇ ಬಿಚ್ಚಿಸಿ, ಬದಲಿ ಒಂದು ಕೊಟ್ಟು, ರಿಪೇರಿಯಾದ ಮೇಲೆ ವಾಪಸ್ ಕೊಡೋರು. ಚೀಲದಲ್ಲಿ ಹೆಚ್ಚಾಗಿ ಇರ್ತಿದ್ದದ್ದು ಒಂದೇ ಥರದ ಕೆಲಸ, ತೋಳಿನ ಅಂಚು. ಅಗಿದು ಅಗಿದು ಎಳೆ ಕಿತ್ತುಬಂದ ಅಂಚು. ಯಾವಾಗಲೂ ಎಡಗೈದು, ಯಾಕಂದ್ರೆ ಬಲಗೈ ಬರೀತಿರುತ್ತಲ್ಲ.

ಇಷ್ಟು ದಿನ ಅವನು ಏನಂದ್ಕೊಂಡಿದ್ದ? ಮಕ್ಕಳು, ಅಗೀತಾವೆ, ಅಷ್ಟೇ. ಮರ ನೋಡೋನಿಗೆ ಕಾಡು ಕಾಣದ ಹಾಗೆ, ಎಳೆ ನೋಡೋನಿಗೆ ಮಗು ಕಾಣಲಿಲ್ಲ. ಈಗ ಸ್ವಂತ ಮಗಳ ಬಾಯಲ್ಲಿ ನೋಡಿದ ಮೇಲೆ ಕಂಡಿತು. ಮನುಷ್ಯ ಯಾವಾಗ ಹೀಗೆ ಅಗೀತಾನೆ? ಎದುರಿಗಿರೋರು ಏನು ಮಾಡ್ತಾರೋ ಅಂತ ಕಾಯುವಾಗ.

ಮನೆಗೆ ಬಂದ್ಮೇಲೆ ಹೆಂಡತಿಗೆ ಹೇಳಿದ. ಅವಳು ಸೊಂಟದ ಮೇಲೆ ಕೈಯಿಟ್ಟಳು.

"ತೋಳು ಅಗೀತಾರೆ ಅಂತ ಸ್ಕೂಲು ಬೇಡ್ವಾ? ನಿಮಗೆ ಆ ಗೇಟು ಕಂಡ್ರೆ ಭಯ. ಅದನ್ನ ಮಗಳ ತಲೆಗೆ ಕಟ್ಟಬೇಡಿ."

ಈ ಮಾತು ಅವನಿಗೆ ಸೂಜಿ ಹೊಕ್ಕ ಹಾಗೆ ಹೊಕ್ಕಿತು. ಯಾಕಂದ್ರೆ ಅದು ಪೂರ್ತಿ ಸುಳ್ಳಲ್ಲ. ಆ ಗೇಟಿನ ಮುಂದೆ ಅವನು ಯಾವತ್ತೂ ನಿಂತವನಲ್ಲ, ರಸ್ತೆಯ ಈಚೆ ಬದಿಯಲ್ಲೇ ನಡೆಯೋನು. ಇದು ಯಾರ ಭಯ? ಮಗಳಿಗಾಗಿ ಹೆದರ್ತಿದ್ದೀನಾ, ಇಲ್ಲ ನನ್ನ ಭಯಕ್ಕೆ ಮಗಳ ಸ್ವೆಟರು ತೊಡಿಸ್ತಿದ್ದೀನಾ? ಮಂಗಳವಾರ ಪೂರ್ತಿ ಇದೇ ಯೋಚನೆ. ಬುಧವಾರ ಒಬ್ಬರ ಪ್ಯಾಂಟಿನ ಜೇಬನ್ನ ಬಾಯಿ ಸಮೇತ ಹೊಲಿದುಬಿಟ್ಟ. ಪಾಪ, ಆ ಮನುಷ್ಯ ಬಸ್ಸಿನಲ್ಲಿ ನಿಂತು ತನ್ನ ಜೇಬಿಗೆ ಕೈಹಾಕೋಕೆ ಮೂರು ಸ್ಟಾಪು ಒದ್ದಾಡಿದನಂತೆ.

ಗುರುವಾರ ಅಂಗಡಿಗೆ ಅರ್ಧ ಬಾಗಿಲು ಹಾಕಿ, ಒಬ್ಬನೇ, ಒಂದು ಬಿಸ್ಕತ್ತಿನ ಡಬ್ಬಿ ಕಂಕುಳಲ್ಲಿ ಇಟ್ಕೊಂಡು ದಾರಿ ಮೇಡಂ ಹತ್ರ ಹೋದ.

"ಮತ್ತೆ ಬಂದ್ರಾ? ಬಿಸ್ಕತ್ತಾ? ನಾನು ಏನೂ ತಗೊಳ್ಳಲ್ಲ" ಅಂದ್ರು ಅವರು.

"ತಿನ್ನೋದಲ್ಲ ಮೇಡಂ. ಆಗಲೇ ಅಗಿದಿದ್ದಾರೆ."

ಮುಚ್ಚಳ ತೆಗೆದು ಮೇಜಿನ ಮೇಲೆ ಸುರಿದ. ಬೂದುಬಣ್ಣದ ಉಣ್ಣೆಯ ತುಂಡುಗಳು, ಗೇಣುದ್ದದ್ದು. ರಿಪೇರಿ ಮಾಡುವಾಗ ಅಗಿದ ಅಂಚು ಕತ್ತರಿಸಿ ಹೊಸದಾಗಿ ಹೆಣೀತಿದ್ದನಲ್ಲ, ಆ ತುಂಡನ್ನ ಎಸೀತಿರಲಿಲ್ಲ; ಒಂದೇ ಸ್ವೆಟರು ಎಷ್ಟು ಸಲ ಬಂದ್ರೂ ಅದರದ್ದು ಒಂದೇ ತುಂಡು ಇಟ್ಕೊಳ್ಳೋನು. ಬೂದುಬಣ್ಣ ಅಂದ್ರೆ ಒಂದೇ ಬಣ್ಣ ಅಂತ ನಿನ್ನ ಲೆಕ್ಕ. ಒಂದೊಂದು ಸಲ ಬಂದ ಉಣ್ಣೆ ಒಂದೊಂದು ಥರ ಇರುತ್ತೆ. ಮುಂದಿನ ಸಲ ಬಣ್ಣ ಹೊಂದಿಸೋಕೆ ಬೇಕು ಅಂತ ಪ್ರತಿ ತುಂಡಿಗೂ ಒಂದು ಚೀಟಿ ಪಿನ್ನು ಮಾಡಿ, ತಾರೀಖು ಮತ್ತೆ ಸ್ವೆಟರಿನ ಅಳತೆ ಬರೆದಿಡೋನು. ರಫೂದವರ ಚಟ ಅದು.

ಮೇಡಂ ಮೊದಲು ಮುಖ ಸಿಂಡರಿಸಿದ್ರು. "ಮಕ್ಕಳು ಎಲ್ಲಾ ಸ್ಕೂಲಲ್ಲೂ ಅಗೀತಾರೆ ರೀ. ನನ್ನ ಮೂವತ್ತು ವರ್ಷದಲ್ಲಿ ಪೆನ್ಸಿಲ್ ಕಾಡನ್ನೇ ತಿಂದ ಮಕ್ಕಳನ್ನ ನೋಡಿದ್ದೀನಿ."

"ಇರಬಹುದು ಮೇಡಂ. ಬೇರೆ ಸ್ಕೂಲಿನ ಬಟ್ಟೆಯೂ ನನ್ನ ಹತ್ರ ಬರುತ್ತೆ, ತಾಯಂದಿರು ತರ್ತಾರೆ. ಕೆರೆ ಪಕ್ಕದ ನೀಲಿ ಸ್ಕೂಲಿಂದು ಬರೀ ಮಂಡಿ. ಹುಡುಗಿಯರದ್ದೂ ಮಂಡಿ. ಒಂದು ಜೇಬಲ್ಲಿ ಜೀವಂತ ಕಪ್ಪೆ ಇತ್ತು, ನನ್ನ ಇಸ್ತ್ರಿ ಪೆಟ್ಟಿಗೆಯ ಮೇಲೆ ನೆಗೆದು, ನೆಗೆದ ರಭಸಕ್ಕೆ ಬೀದಿ ದಾಟಿ ಕೆರೆಗೇ ಹೋಯ್ತು. ಆದ್ರೆ ತೋಳು? ಮೂರು ವರ್ಷಕ್ಕೆ ನಾಲ್ಕೋ ಐದೋ. ಇದು ನೋಡಿ. ಮೂವತ್ತೇಳು."

ಮೇಡಂ ಒಂದು ತುಂಡು ಎತ್ತಿ ಚೀಟಿ ಓದಿದ್ರು. ಇನ್ನೊಂದು. ಇನ್ನೊಂದು. ಆಮೇಲೆ ಕನ್ನಡಕ ಮೇಲಕ್ಕೆ ತಳ್ಳಿ, ತುಂಡುಗಳನ್ನ ಅಳತೆ ಪ್ರಕಾರ ಬೇರೆ ಬೇರೆ ಇಡೋಕೆ ಶುರು ಮಾಡಿದ್ರು. ಇಪ್ಪತ್ತಾರರ ಅಳತೆ, ಎರಡು. ಮೂವತ್ತು, ಮೂರು. ಉಳಿದ ಮೂವತ್ತೆರಡೂ ಒಂದೇ ಗುಡ್ಡೆ. ಎಲ್ಲಾ ಇಪ್ಪತ್ತೆಂಟು.

ಅವರ ಕೈ ನಿಂತಿತು.

"ಏನಾಯ್ತು ಮೇಡಂ?"

"ಆ ಸ್ಕೂಲಲ್ಲಿ ಸ್ವೆಟರನ್ನ ತರಗತಿ ನೋಡಿ ಕೊಡ್ತಾರೆ" ಅಂದ್ರು ಅವರು, ಮಾತು ಒಂದೊಂದಾಗಿ ಬಂತು. "ದಪ್ಪ ಸಣ್ಣ ನೋಡಲ್ಲ. ಇಪ್ಪತ್ತೆಂಟು ಅಂದ್ರೆ ನಾಲ್ಕನೇ ತರಗತಿ. ಮೂರು ವರ್ಷ, ಮೂರು ಬೇರೆ ಬೇರೆ ಗುಂಪು ಮಕ್ಕಳು, ಎಲ್ಲರೂ ನಾಲ್ಕನೇದರಲ್ಲಿ ಅಗೀತಾರೆ, ಐದಕ್ಕೆ ಹೋದ ತಕ್ಷಣ ನಿಲ್ಲಿಸ್ತಾರೆ. ನಾಲ್ಕನೇ ತರಗತಿಗೆ ಅಲ್ಲಿ ಒಂದೇ ಕೋಣೆ. ಒಬ್ಬರೇ ಟೀಚರ್."

ಸೂಜಿ ಹೋಗಬೇಕಾಗಿದ್ದದ್ದು ಆ ಕೋಣೆಗೇ.

 ಮೇಡಂ ಎದ್ದು ಕಿಟಕಿ ಹತ್ರ ಹೋದ್ರು, ವಾಪಸ್ ಬಂದ್ರು, ಮತ್ತೆ ಹೋದ್ರು.

"ಹನ್ನೊಂದು ಮಕ್ಕಳನ್ನ ನಾನೇ ಆ ಕೋಣೆಗೆ ಕಳಿಸಿದ್ದೀನಿ. ಪ್ರತಿ ವರ್ಷ ಮನೆಗಳಿಗೆ ಫೋನ್ ಮಾಡಿ ಹೇಗಿದ್ದಾನೆ, ಹೇಗಿದ್ದಾಳೆ ಅಂತ ಕೇಳ್ತೀನಿ. ಎಲ್ಲರೂ ಚೆನ್ನಾಗಿದೆ ಅಂತಾರೆ. ಸಂಜೆ ಮಗು ಬೊಂಬೆ ಥರ ನೀಟಾಗಿ ಮನೆಗೆ ಬರುತ್ತೆ ಅಂತಾರೆ. ಒಬ್ಬ ತಾಯಿಗೂ ಈ ತೋಳು ಕಾಣಲಿಲ್ವಾ?"

ಅವನು ತನ್ನ ಎರಡೂ ಕೈ ನೋಡ್ಕೊಂಡ.

"ಕಾಣದ ಹಾಗೆ ಮಾಡಿದ್ದು ನಾನೇ ಮೇಡಂ."

ಈಗ ಯಾಕೆ ಸುಮ್ಮನಾದೆ? ನಗು ಅಂತ ಹೇಳಿದ್ನಲ್ಲ, ನಗು.

ಇಷ್ಟು ವರ್ಷ ಯಾವ ಕೆಲಸದ ಮೇಲೆ ಅವನಿಗೆ ಜಂಬ ಇತ್ತೋ, ಅದೇ ಕೆಲಸ ಮೂವತ್ತೆರಡು ಮಕ್ಕಳ ಬಾಯಿ ಹೊಲಿದಿತ್ತು. ಮಕ್ಕಳು ಬಾಯಲ್ಲಿ ಹೇಳೋಕಾಗದ್ದನ್ನ ತೋಳಲ್ಲಿ ಬರೆದು ಕಳಿಸ್ತಿದ್ರು. ಇವನು ಅದನ್ನ ಕತ್ತರಿಸಿ ಡಬ್ಬಿಗೆ ಹಾಕಿ, ಅಂದವಾಗಿ ಅಳಿಸಿ ವಾಪಸ್ ಕಳಿಸ್ತಿದ್ದ.

"ಈ ಪತ್ರ ನಾನು ಕಳಿಸಲ್ಲ" ಅಂದ್ರು ಮೇಡಂ, ಸೂಜಿಯ ಫೈಲಿಂದ ಹಾಳೆ ತೆಗೆದು. "ನೀಲಿ ಸ್ಕೂಲಿಗೆ ಬರೀತೀನಿ. ಫಲಿತಾಂಶದಲ್ಲಿ ಮೂರನೇದು ಅದು."

"ಮಂಡಿಯಲ್ಲಿ ಮೊದಲನೇದು ಮೇಡಂ."

"ಆದ್ರೆ ಉಳಿದ ಮಕ್ಕಳು? ನಾನು ಬಿಸ್ಕತ್ತಿನ ಡಬ್ಬಿ ಹಿಡ್ಕೊಂಡು ಹೋಗಿ ಒಬ್ಬ ಟೀಚರ್ ಮೇಲೆ ದೂರು ಹೇಳೋಕಾಗಲ್ಲ. ಆ ಕೋಣೆಯಲ್ಲಿ ಓದೋ ಮಗುವಿನ ತಾಯಿಯೋ ತಂದೆಯೋ ಕೇಳಬೇಕು. ಅವರಿಗೆ ಮೊದಲು ಕಾಣಬೇಕು."

ಆ ಸಂಜೆ ಹೆಂಡತಿಯ ಮುಂದೆ ಡಬ್ಬಿ ಇಟ್ಟ. ಅವಳು ಮೊದಲು ಬೈಯೋಕೆ ಬಾಯಿ ತೆಗೆದಳು, ಆಮೇಲೆ ಅವನು ಹೇಳಿದ್ದನ್ನ ಕೇಳಿದಳು, ಒಂದು ತುಂಡು ಎತ್ಕೊಂಡಳು. ಪಕ್ಕದಲ್ಲಿ ಹೋಮ್‌ವರ್ಕ್ ಬರೀತಿದ್ದ ಸೂಜಿಯ ಎಡಗೈ ಹಿಡಿದು ಮಣಿಕಟ್ಟಿಗೆ ಸುತ್ತಿ ನೋಡಿದಳು. ಸರಿಯಾಗಿ ಕೂತಿತು.

"ಏನಮ್ಮಾ ಇದು? ಯಾರದ್ದು?"

"ಯಾರದ್ದೋ. ನಿನ್ನದಲ್ಲ" ಅಂದಳು ಅವಳು. ಶುಕ್ರವಾರ ಐದು ಗಂಟೆ ಬಂತು, ಹೋಯ್ತು. ಅವಳು ಫೋನಿನ ಹತ್ರಾನೂ ಹೋಗಲಿಲ್ಲ.

ಶನಿವಾರ ಮಾಮೂಲಿನಂತೆ ಚೀಲ ಬಂತು. ಏಳು ಸ್ವೆಟರು. ಏಳೂ ಎಡತೋಳು. ಏಳೂ ಇಪ್ಪತ್ತೆಂಟು.

ರಫೂ ಅಣ್ಣ ಬೂದು ಉಣ್ಣೆಯ ಉಂಡೆ ಕೈಗೆತ್ಕೊಂಡ, ಕೆಳಗಿಟ್ಟ. ಮತ್ತೆ ಎತ್ಕೊಂಡ. ಅವನ ಅಂಗಡಿಯ ಅರ್ಧ ಕೆಲಸ ಈ ಚೀಲದಿಂದಲೇ. ಬೆಟ್ಟದ ಸ್ಕೂಲಿನೋರು ಸಿಟ್ಟಾದ್ರೆ ಊರಲ್ಲಿ ಬೇರೆಯೋರೂ ಬಾಗಿಲು ಮುಚ್ತಾರೆ. ಕೆಲಸ ಕೆಡಿಸಿದ ಅಂತ ಹೆಸರು ಬಂದ್ರೆ ರಫೂದವನ ಕಥೆ ಮುಗೀತು. ನಾಲ್ಕು ಸಲ ಪ್ರಯತ್ನಿಸಿದ್ರೂ ಸೂಜಿಗೆ ದಾರ ಪೋಣಿಸೋಕೇ ಆಗಲಿಲ್ಲ, ಕತ್ತಲಲ್ಲಿ ಇರುವೆಗೆ ಓಲೆ ತೊಡಿಸೋನು ಅವನು!

ಹಿಂದಿಂದ ಒಂದು ಕೈ ಬಂದು ಸೂಜಿ ಕಿತ್ಕೊಂಡಿತು. ಹೆಂಡತಿ. ಪೆಟ್ಟಿಗೆಯಲ್ಲಿ ಹುಡುಕಿ ಕೆಂಪು ಉಣ್ಣೆ ತೆಗೆದು, ಪೋಣಿಸಿ ಕೊಟ್ಟಳು.

"ಇದೇ ತಾನೇ ನಿಮ್ಮ ತಲೇಲಿರೋದು? ಹಾಕಿ. ಆಸ್ಪತ್ರೆ ಗೇಟಿಂದ ನೋಡಿದ್ರೂ ಕಾಣೋ ಹಾಗೆ ಹಾಕಿ."

ಜೀವನದಲ್ಲಿ ಮೊದಲ ಸಲ ಅವನು ಎಲ್ಲರಿಗೂ ಕಾಣೋ ಹಾಗೆ ರಫೂ ಮಾಡಿದ. ಏಳು ಎಡತೋಳಿಗೂ ಅಂಚಿನುದ್ದಕ್ಕೂ ಕೆಂಪು. ಸ್ವೆಟರನ್ನ ಒಳಹೊರಗು ಮಾಡಿ ಮಡಚಿ ಕಟ್ಟಿದ. ಆಯಮ್ಮ ಗಡಿಬಿಡಿಯೋಳು, ಎಣಿಸಿ ಹಂಚಿಬಿಡ್ತಾಳೆ ಅಂತ ಅವನಿಗೆ ಗೊತ್ತಿತ್ತು.

ಸೋಮವಾರ ಏನೂ ಇಲ್ಲ. ಮಂಗಳವಾರ ಏನೂ ಇಲ್ಲ. ಮೆಟ್ಟಿಲಿಳಿಯೋ ಪ್ರತಿ ಚಪ್ಪಲಿ ಸದ್ದಿಗೂ ಕೈಲಿದ್ದ ಕೆಲಸ ಕೆಳಗಿಡೋನು. ಮೇಲಿನ ಮಹಡಿಯ ಅಜ್ಜಿ ಕೆಮ್ಮಿದ್ರೂ ಪೊಲೀಸು ಬಂದ್ರು ಅಂತ ನಿಂತ್ಕೊಂಡುಬಿಡೋನು.

ಬುಧವಾರ ಮಧ್ಯಾಹ್ನ ಅಂಗಡಿ ಮುಂದೆ ಒಂದು ದೊಡ್ಡ ಕಾರು ನಿಂತಿತು. ಒಬ್ಬ ಹೆಂಗಸು ಇಳಿದಳು. ಕೈಯಲ್ಲಿ ಬೂದು ಸ್ವೆಟರು, ಕೆಂಪು ಅಂಚು ಹೊರಗೆ. ರಫೂ ಅಣ್ಣ ಎದ್ದು ನಿಂತ, ತಲೆ ಬಲ್ಬಿಗೆ ಬಡೀತು.

"ಆಯಮ್ಮ ನಿಮ್ಮ ಅಂಗಡಿ ಹೇಳಿದಳು. ಇದು ನೀವು ಮಾಡಿದ್ದಾ?"

"ಹೂಂ ಅಮ್ಮಾ."

"ಕೆಂಪು ಯಾಕೆ?"

ಬೈಗುಳ ಬೀಳುತ್ತೆ ಅಂತ ಅವನು ತಲೆ ತಗ್ಗಿಸಿದ. ಹೆಂಗಸು ಬೈಯಲಿಲ್ಲ. ಕೆಂಪು ಅಂಚನ್ನ ಬೆರಳಲ್ಲಿ ಸವರಿದಳು.

"ಯಾಕೆ ಕಿತ್ತುಹೋಯ್ತು ಅಂತ ಮಗನನ್ನ ಕೇಳಿದೆ. ಎರಡು ದಿನ ಮಾತೇ ಆಡಲಿಲ್ಲ. ಇವತ್ತು ಬೆಳಗ್ಗೆ ಒಂದೇ ಮಾತು ಹೇಳಿದ, ತಪ್ಪು ಮಾಡಿದೋರನ್ನ ಬೀರುವಿನೊಳಗೆ ನಿಲ್ಲಿಸಿ ಬಾಗಿಲು ಹಾಕ್ತಾರಂತೆ. ಇನ್ನು ಯಾರ ಸರದಿಯೋ ಅಂತ ಎಲ್ಲರೂ ಕಾಯ್ತಿರ್ತಾರಂತೆ." ಅವಳು ಸೆರಗಲ್ಲಿ ಮೂಗು ಒರೆಸ್ಕೊಂಡಳು. "ನನ್ನ ಮಗ ಸುಳ್ಳು ಹೇಳ್ತಿದ್ದಾನೆ ಅಂತ ಮನೆಯಲ್ಲಿ ಎಲ್ಲರೂ ಅಂತಿದ್ದಾರೆ. ನಿಮಗೆ ಏನಾದ್ರೂ ಗೊತ್ತಾ?"

ರಫೂ ಅಣ್ಣ ತಾನು ಕೂರೋ ಸ್ಟೂಲನ್ನೇ ಅವಳಿಗೆ ಕೊಟ್ಟ. ಅಂಗಡಿಯಲ್ಲಿದ್ದದ್ದು ಅದೊಂದೇ. ನಿಂತ್ಕೊಂಡೇ ಡಬ್ಬಿಯ ಮುಚ್ಚಳ ತೆಗೆದ.

"ನಿಮ್ಮ ಮಗ ಸುಳ್ಳು ಹೇಳ್ತಿಲ್ಲ ಅಮ್ಮಾ. ಇಲ್ಲಿ ಮೂವತ್ತೆರಡು ಜನ ಸಾಕ್ಷಿ ಇದ್ದಾರೆ."

ಆಮೇಲೆ? ಆಮೇಲೆ ಆ ತಾಯಿ ಇನ್ನೂ ನಾಲ್ವರು ತಾಯಂದಿರನ್ನ ಹುಡುಕಿದಳು. ಎಲ್ಲರೂ ದಾರಿ ಮೇಡಂ ಜೊತೆಗೆ, ಡಬ್ಬಿ ಸಮೇತ ಗೇಟು ದಾಟಿದ್ರು. ರಫೂ ಅಣ್ಣನೂ ಹೋದ. ಗೇಟಿನೊಳಗೆ ಕಾಲಿಟ್ಟಾಗ ಮಂಡಿ ಕಟಕಟ ಅಂದದ್ದು ಕೆರೆ ಪಕ್ಕದವರೆಗೂ ಕೇಳಿಸಿತಂತೆ. ಆ ಟೀಚರ್ ಹೋದ್ಲು, ಆ ಕೋಣೆಯ ಬೀರು ಹೊರಗೆ ಬಂತು. ಶನಿವಾರದ ಚೀಲವೂ ನಿಂತಿತು. ಕೆಲಸ ಹೋದದ್ದಕ್ಕೆ ನಿಟ್ಟುಸಿರು ಬಿಟ್ಟು ನೆಮ್ಮದಿಯಾದ ಇನ್ನೊಬ್ಬ ಮನುಷ್ಯನನ್ನ ನಾನು ನೋಡಿಲ್ಲ.

ಸೂಜಿ ನೀಲಿ ಸ್ಕೂಲಿಗೆ ಹೋದಳು. ನಾಲ್ಕೇ ದಿನಕ್ಕೆ ಎರಡೂ ಮಂಡಿ ಹರ್ಕೊಂಡು ಬಂದಳು. ಆದ್ರೂ ಅವನ ಭಯ ಹೋಯ್ತು ಅಂತ ತಿಳ್ಕೋಬೇಡ. ದಿನಾ ಸಂಜೆ ಸ್ಕೂಲಿನ ಹೊರಗೆ ನಿಂತು, ರಸ್ತೆ ದಾಟಿಸೋ ನೆಪದಲ್ಲಿ ಅವಳ ಎಡಗೈಯನ್ನೇ ಹಿಡಿಯೋನು. ಹೆಬ್ಬೆರಳಲ್ಲಿ ಮೆಲ್ಲಗೆ ಅಂಚು ಸವರಿ ನೋಡೋನು, ಒದ್ದೆ ಇದೆಯಾ, ಎಳೆ ಕಿತ್ತಿದೆಯಾ ಅಂತ. ಒಣಗಿದ್ರೆ ಮಾತ್ರ ಉಸಿರು ಬಿಡೋನು.

"ಅಪ್ಪಾ, ದಿನಾ ಈ ಕೈಯೇ ಯಾಕೆ?" ಅಂತ ಒಂದು ಸಲ ಕೇಳಿದಳಂತೆ ಅವಳು.

"ಬಲಗೈಗೆ ಬರೆದು ಸುಸ್ತಾಗಿರುತ್ತಲ್ಲ ಮಗಳೇ" ಅಂದನಂತೆ, ಅಂದವನು ಮತ್ತೆ ಒಂದು ಸಲ—

ಹಾಂ? ಬಂದೆ, ಬಂದೆ! ಎಷ್ಟು ಸಲ ಕೂಗ್ತೀಯಾ, ತಟ್ಟೆ ಎಲ್ಲಿಗೂ ಓಡಿಹೋಗಲ್ಲ. ಏಳು, ನೀನೂ ಏಳು, ಊಟ ಆರಿಹೋದ್ರೆ ನನ್ನ ಮೇಲೆ ಬೈಗುಳ ಬೀಳುತ್ತೆ. ಒಂದು ನಿಮಿಷ, ಎಲ್ಲಿ, ನಿನ್ನ ಎಡಗೈ ಇಲ್ಲಿ ತೋರಿಸು.